ಕಾಡುಕುದುರೆಯ ಹಾಡು, ಮಲೆನಾಡಿನ ಕಂಠ

ಹಾಡು ಯಾರದು ಎಂಬ ಪ್ರಶ್ನೆ ನಮ್ಮಲ್ಲಿ ಹಳೆಯದು. ಬರೆದವನದೋ, ಸ್ವರ ಹಚ್ಚಿದವನದೋ, ಹಾಡಿದವನದೋ, ಅಥವಾ ಇವರಿಗೆಲ್ಲ ಮೊದಲು ಆ ಮಾತನ್ನೂ ಲಯವನ್ನೂ ಹೊಲದಲ್ಲಿ, ಜಾತ್ರೆಯಲ್ಲಿ, ಬೀಸುವ ಕಲ್ಲಿನ ಮುಂದೆ ಕಾಪಾಡಿಕೊಂಡು ಬಂದ ಹೆಸರಿಲ್ಲದ ಜನದ್ದೋ? ಶಾಸ್ತ್ರೀಯ ಸಂಗೀತದಲ್ಲಿ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ವಾಗ್ಗೇಯಕಾರನೆಂಬವನಿದ್ದಾನೆ, ಮಾತು ಮತ್ತು ಧಾತು ಎರಡಕ್ಕೂ ಅವನೇ ಹೊಣೆ. ಆದರೆ ಕಳೆದ ಶತಮಾನದಲ್ಲಿ ಕನ್ನಡದಲ್ಲಿ ಬೆಳೆದು ನಿಂತ ಸುಗಮ ಸಂಗೀತದಲ್ಲಿ ಮೂರು ಜನ, ಕೆಲವೊಮ್ಮೆ ನಾಲ್ಕು ಜನ ಸೇರಿ ಒಂದು ಹಾಡಾಗುತ್ತದೆ. ಮೆಚ್ಚುಗೆ ಮಾತ್ರ ಬಹುಪಾಲು ಒಬ್ಬನಿಗೆ ಸಲ್ಲುತ್ತದೆ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಮ್ಮ ಜಿಲ್ಲೆಯ ಗಾಯಕರೊಬ್ಬರ ಜೀವನವನ್ನೂ, ಅವರ ಹೆಸರಿನೊಡನೆ ಬಿಡಿಸಲಾಗದಂತೆ ಬೆಸೆದುಹೋದ ಒಂದು ಹಾಡಿನ ಹುಟ್ಟನ್ನೂ ಪರಿಶೀಲಿಸುವುದು ಈ ಭಾಷಣದ ಉದ್ದೇಶ. ಗಾಯಕರು ಶಿವಮೊಗ್ಗ ಸುಬ್ಬಣ್ಣ. ಹಾಡು ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’.

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟವರಿಗೆ ಆಯನೂರು ಸಿಗುತ್ತದೆ. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಆನಂದಪುರದ ಮೇಲೆ ಸಾಗರಕ್ಕೂ ಜೋಗಕ್ಕೂ ಹೋದರೆ, ಇನ್ನೊಂದು ರಿಪ್ಪನ್‌ಪೇಟೆಯ ಮೇಲೆ ಹೊಸನಗರವನ್ನು ಸೇರಿ, ಅಲ್ಲಿಂದ ಮುಂದೆ ನಗರಕ್ಕೆ ಇಳಿಯುತ್ತದೆ. ಈ ನಗರ ಹೆಸರಿಗೆ ಮಾತ್ರ ನಗರ. ಇಂದು ಅದೊಂದು ಪುಟ್ಟ ಊರು. ಒಂದು ಕಾಲದಲ್ಲಿ ಬಿದನೂರು ಎಂದು ಕರೆಸಿಕೊಂಡು ಕೆಳದಿಯ ನಾಯಕರ ರಾಜಧಾನಿಯಾಗಿ ಮೆರೆದು, 1763ರಲ್ಲಿ ಹೈದರಾಲಿಯ ವಶವಾಗಿ, ಹೈದರ್‌ನಗರವೆಂಬ ಹೆಸರು ಪಡೆದು, ಕೊನೆಗೆ ಬರಿಯ ನಗರವಾಗಿ ಉಳಿದ ಸ್ಥಳ. ಈ ಊರಿನಲ್ಲಿ 1938ರ ಡಿಸೆಂಬರ್ 14ರಂದು ಜಿ. ಸುಬ್ರಹ್ಮಣ್ಯ ಎಂಬ ಬಾಲಕ ಜನಿಸಿದರು. ಮುಂದೆ ಅವರೇ ಶಿವಮೊಗ್ಗ ಸುಬ್ಬಣ್ಣರಾದರು. ಹುಟ್ಟಿದ ಊರಿನ ಹೆಸರು ಬಿಟ್ಟು ಜಿಲ್ಲೆಯ ಕೇಂದ್ರದ ಹೆಸರು ಅವರಿಗೆ ಅಂಟಿಕೊಂಡದ್ದು ಅರ್ಥವಿಲ್ಲದ ಸಂಗತಿಯಲ್ಲ. ಅವರು ಓದಿ ಕಾನೂನಿನ ಪದವಿ ಪಡೆದು ವಕೀಲರಾದರು, ನೋಟರಿಯಾದರು. ಹಗಲಿಗೆ ಕಕ್ಷಿಗಾರರು, ಕಾಗದಪತ್ರಗಳು, ಕೋರ್ಟಿನ ವಾಯಿದೆಗಳು. ಉಳಿದ ಹೊತ್ತಿನಲ್ಲಿ ಹಾರ್ಮೋನಿಯಂ, ತಬಲ, ಕವಿತೆ. ಸಂಗೀತವನ್ನು ಹೊಟ್ಟೆಪಾಡಾಗಿ ಮಾಡಿಕೊಳ್ಳದೆ, ಹಾಗೆಂದು ಹವ್ಯಾಸದ ಹಗುರಕ್ಕೂ ಇಳಿಸದೆ ಬಾಳಿದ ಒಂದು ತಲೆಮಾರು ನಮ್ಮಲ್ಲಿತ್ತು. ಸುಬ್ಬಣ್ಣ ಆ ತಲೆಮಾರಿಗೆ ಸೇರಿದವರು.

ಅವರ ಕಂಠವನ್ನು ನಾಡಿಗೆ ಪರಿಚಯಿಸಿದ್ದು ಆಕಾಶವಾಣಿ. 1960ರ ದಶಕದ ಆರಂಭದಲ್ಲಿ ಅವರು ಆಕಾಶವಾಣಿಯ ಗಾಯಕರಾದರು. ಆ ದಿನಗಳ ರೇಡಿಯೋ ಎಂದರೆ ಏನೆಂಬುದನ್ನು ಇಂದಿನವರಿಗೆ ಸ್ವಲ್ಪ ವಿವರಿಸಿಯೇ ಹೇಳಬೇಕು. ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆರಂಭಿಸಿದ ಬಾನುಲಿ ಕೇಂದ್ರದಿಂದ ‘ಆಕಾಶವಾಣಿ’ ಎಂಬ ಹೆಸರೇ ದೇಶಕ್ಕೆ ದೊರೆಯಿತು. 1955ರಲ್ಲಿ ಬೆಂಗಳೂರು ಕೇಂದ್ರ ಬಂದಿತು. 1960ರ ದಶಕದ ನಡುವಿನಲ್ಲಿ ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ ಕೇಂದ್ರ ತೆರೆದಾಗ ಮಲೆನಾಡಿನ ಮನೆಮನೆಗೂ ಧ್ವನಿ ಹತ್ತಿರವಾಯಿತು. ಕವಿತೆಯ ಪುಸ್ತಕವನ್ನು ಕೊಂಡು ಓದದ, ಕೊಳ್ಳಲು ಶಕ್ತಿಯಿಲ್ಲದ ಎಷ್ಟೋ ಸಂಸಾರಗಳಿಗೆ ಕುವೆಂಪು, ಬೇಂದ್ರೆ, ಕೆ. ಎಸ್. ನರಸಿಂಹಸ್ವಾಮಿ ಇವರ ಮೊದಲ ಪರಿಚಯ ಆದದ್ದು ಕಿವಿಯಿಂದ. ‘ಸುಗಮ ಸಂಗೀತ’ ಎಂಬ ಮಾತನ್ನು ಬಳಕೆಗೆ ತಂದದ್ದೂ ಆಕಾಶವಾಣಿಯೇ. ಅಲ್ಲಿ ಹಾಡಬೇಕಾದರೆ ಧ್ವನಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಸಾಹಿತ್ಯ ಶುದ್ಧವಾಗಿರಬೇಕು, ಉಚ್ಚಾರ ಸ್ಪಷ್ಟವಾಗಿರಬೇಕು. ಮುಖ ಕಾಣದ ಗಾಯಕನಿಗೆ ಮಾತಿನ ಸ್ಪಷ್ಟತೆಯೇ ಮುಖ. ಸುಬ್ಬಣ್ಣನವರ ಗಾಯನದಲ್ಲಿ ಒಂದು ಅಕ್ಷರವೂ ಮಸಕಾಗದೆ ಕೇಳಿಸುತ್ತಿದ್ದುದರ ಹಿಂದೆ ಈ ಶಿಸ್ತಿದೆ.

ಅವರಿಗೆ ಮೊದಲೇ ಹಾದಿ ಸವೆಸಿದವರಿದ್ದರು. 1914ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಪಿ. ಕಾಳಿಂಗರಾಯರು ಕವಿತೆಯನ್ನು ಕಚೇರಿಯ ಕೊನೆಯ ತುಕ್ಕಡವೆಂದು ಕಾಣದೆ ಅದಕ್ಕೇ ಒಂದು ಕಚೇರಿಯ ಗೌರವ ತಂದುಕೊಟ್ಟರು. ಅವರ ನಂತರ ಮೈಸೂರು ಅನಂತಸ್ವಾಮಿಯವರು ಆ ಕೆಲಸವನ್ನು ಮುಂದುವರಿಸಿದರು. ಅವರ ಜೊತೆಜೊತೆಗೆ ಸಿ. ಅಶ್ವತ್ಥ್ ಬಂದರು. ಇವರ ನಡುವೆ ಸುಬ್ಬಣ್ಣನವರ ಸ್ಥಾನ ಸ್ವಲ್ಪ ಬೇರೆ. ಅನಂತಸ್ವಾಮಿ ಮತ್ತು ಅಶ್ವತ್ಥ್ ಇಬ್ಬರೂ ಮುಖ್ಯವಾಗಿ ರಾಗಸಂಯೋಜಕರು. ಕವಿತೆಯನ್ನು ಕಂಡೊಡನೆ ಅದಕ್ಕೊಂದು ಸ್ವರದ ಮೈಯನ್ನು ಕಟ್ಟುವವರು. ಸುಬ್ಬಣ್ಣ ಮುಖ್ಯವಾಗಿ ಗಾಯಕರು. ತಾರಸ್ಥಾಯಿಯಲ್ಲಿ ಒಡೆಯದೆ ನಿಲ್ಲುವ, ಜನ ‘ಕಂಚಿನ ಕಂಠ’ ಎಂದು ಕರೆದ ದನಿ ಅವರದು. ಕುವೆಂಪು ಅವರ ‘ಬಾರಿಸು ಕನ್ನಡ ಡಿಂಡಿಮವ’ ಗೀತೆ ಅವರ ಬಾಯಲ್ಲಿ ಕೇಳಿದವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಡಿಂಡಿಮವೆಂಬ ಪದದಲ್ಲಿರುವ ನಗಾರಿಯ ಸದ್ದು ಅವರ ಗಂಟಲಲ್ಲಿಯೇ ಇತ್ತು.

ಇನ್ನು ಹಾಡಿನ ಕಡೆಗೆ ಬರೋಣ. ಚಂದ್ರಶೇಖರ ಕಂಬಾರರು ಹುಟ್ಟಿದ್ದು 1937ರಲ್ಲಿ, ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ. ಲಾವಣಿ, ಬಯಲಾಟ, ಗೀಗೀ ಪದಗಳ ನಡುವೆ ಬೆಳೆದು, ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದವರು. 1964ರಲ್ಲಿ ಅವರ ‘ಹೇಳತೇನ ಕೇಳ’ ಪ್ರಕಟವಾದಾಗ ಕನ್ನಡ ಕಾವ್ಯದಲ್ಲಿ ನವ್ಯದ ಕಾಲ. ಕವಿತೆ ಹಾಡಿಕೊಳ್ಳುವುದಕ್ಕಲ್ಲ, ಒಬ್ಬನೇ ಕುಳಿತು ಓದಿ ಅರಗಿಸಿಕೊಳ್ಳುವುದಕ್ಕೆ ಎಂಬ ನಂಬಿಕೆ ಬಲವಾಗಿದ್ದ ಕಾಲ. ಆ ಪಂಥದ ಗುರುವೆನಿಸಿದ ಗೋಪಾಲಕೃಷ್ಣ ಅಡಿಗರು ಆ ವರ್ಷಗಳಲ್ಲಿ ನಮ್ಮ ಸಾಗರದ ಕಾಲೇಜಿನಲ್ಲಿಯೇ ಪ್ರಾಂಶುಪಾಲರಾಗಿದ್ದರು. ಹಾಡುಗಬ್ಬದ ಇಂಪನ್ನು ಸಂಶಯದಿಂದ ನೋಡುವುದು ಅಂದಿನ ಅಭಿರುಚಿಯ ಲಕ್ಷಣವಾಗಿತ್ತು. ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಇಂಪು ಹೆಚ್ಚಾದಲ್ಲಿ ಅರ್ಥ ನಿದ್ದೆಹೋಗುವುದನ್ನು ನವೋದಯದ ಕೊನೆಯ ದಿನಗಳಲ್ಲಿ ಬೇಕಾದಷ್ಟು ಕಂಡಿದ್ದೆವು. ಇಂಥ ವೇಳೆಯಲ್ಲಿ ಕಂಬಾರರು ತಮ್ಮ ಕವಿತೆಯನ್ನು ತಾವೇ ಏರುದನಿಯಲ್ಲಿ ಹಾಡುತ್ತ ಸಭೆಗಳಿಗೆ ಬಂದರು. ಅವರದು ಹಳೆಯ ಇಂಪಿಗೆ ಹಿಂತಿರುಗಿದ ದಾರಿಯಲ್ಲ. ಕವಿತೆಯೊಳಗೇ ಇರುವ ಲಯ ಅರ್ಥದ ಒಂದು ಅಂಗ, ಅದನ್ನು ಬಿಟ್ಟು ಓದಿದರೆ ಅರ್ಥವೂ ಅರೆಯಾಗುತ್ತದೆ ಎಂಬುದು ಆ ಹಾಡುಗಾರಿಕೆಯ ತಾತ್ಪರ್ಯ.

‘ಕಾಡು ಕುದುರೆ’ ಗೀತೆ ಈ ಮಾತಿಗೆ ಒಳ್ಳೆಯ ನಿದರ್ಶನ. ಊರಿನ ಎಲ್ಲೆ ಮುಗಿಯುವಲ್ಲಿ ಕಾಡಿನಿಂದ ನೆಗೆದು ಬರುವ ಒಂದು ಕುದುರೆಯ ವರ್ಣನೆ ಅದು. ಲಗಾಮಿಲ್ಲ, ಜೀನಿಲ್ಲ, ಸವಾರನಿಲ್ಲ. ಬಾನಿನಿಂದ ಕಳಚಿ ಬಿದ್ದ ಬೆಂಕಿಯಂತೆ ಬರುವ ಈ ಪ್ರಾಣಿ ಕಾಮವೋ, ಪ್ರಾಣಶಕ್ತಿಯೋ, ಕವಿಯ ಪ್ರತಿಭೆಯೋ ಎಂದು ವಿಮರ್ಶಕರು ಹಲವು ಬಗೆಯಾಗಿ ಹೇಳಬಹುದು. ಹಾಡು ಯಾವ ಉತ್ತರವನ್ನೂ ಕಟ್ಟಿಹಾಕುವುದಿಲ್ಲ. ಇದೇ ಹೆಸರಿನ ಚಿತ್ರವನ್ನು ಕಂಬಾರರೇ ನಿರ್ದೇಶಿಸಿದರು, ಸಂಗೀತವೂ ಅವರದೇ. ಚಿತ್ರ 1979ರದು. ಹೀಗೆ ಕವಿ, ಸಂಗೀತಗಾರ, ನಿರ್ದೇಶಕ ಮೂವರೂ ಒಬ್ಬರೇ ಆಗಿದ್ದಾಗ ಉಳಿದದ್ದು ಕಂಠ ಮಾತ್ರ. ಅದನ್ನು ಮಲೆನಾಡಿನ ವಕೀಲರೊಬ್ಬರಿಂದ ಪಡೆಯಲಾಯಿತು.

ಮೇಲುನೋಟಕ್ಕೆ ಇದು ವಿಚಿತ್ರವಾದ ಆಯ್ಕೆ. ಘಟಪ್ರಭೆಯ ದಡದ ಮಾತು ಶರಾವತಿಯ ಕಡೆಯವರ ನಾಲಗೆಗೆ ಹೊರಳುವುದು ಸುಲಭವಲ್ಲ. ಉತ್ತರದ ಆಡುಮಾತನ್ನು ದಕ್ಷಿಣದವರು ಅನುಕರಿಸಿದಾಗ ಅದು ನಗೆಯಾಟವಾಗುವುದೇ ಹೆಚ್ಚು. ನಮ್ಮ ನಾಟಕಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಅದನ್ನು ಎಷ್ಟೋ ಬಾರಿ ಕಂಡಿದ್ದೇವೆ. ಒಂದು ಪ್ರಾಂತದ ಮಾತನ್ನು ಇನ್ನೊಂದು ಪ್ರಾಂತ ತಮಾಷೆಗಾಗಿ ಮಾತ್ರ ಎರವಲು ಪಡೆಯುವುದು ಏಕೀಕರಣವಾದ ನಾಡಿಗೆ ಶೋಭಿಸುವ ಸಂಗತಿಯಲ್ಲ. 1956ರಲ್ಲಿ ನಕ್ಷೆಯ ಮೇಲೆ ಒಂದಾದ ಕನ್ನಡ, ಕಿವಿಯಲ್ಲಿ ಒಂದಾಗಲು ಇನ್ನೂ ಬಹಳ ಕಾಲ ಬೇಕಾಯಿತು. ಈ ಹಾಡು ಕೇವಲ ಒಂದು ಚಿತ್ರಗೀತೆಯಾಗಿ ಉಳಿಯದೆ ಇತಿಹಾಸದ ವಿಷಯವಾಗುವುದು ಈ ಕಾರಣಕ್ಕೆ.

ಸುಬ್ಬಣ್ಣ ಆ ಆಡುಮಾತನ್ನು ಅಭಿನಯಿಸಲಿಲ್ಲ, ಹಾಡಿದರು. ವ್ಯತ್ಯಾಸ ಸೂಕ್ಷ್ಮವಾದುದು, ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ನಮ್ಮ ಕಡೆಯ ‘ಬಂದಿತ್ತು’ ಎಂಬ ಕ್ರಿಯಾಪದ ಕಂಬಾರರ ಕಡೆ ‘ಬಂದಿತ್ತ’ ಎಂದಾಗುತ್ತದೆ. ಬರೆಹದಲ್ಲಿ ಇದು ಒಂದು ಕೊಂಬಿನ ವ್ಯತ್ಯಾಸ. ಆದರೆ ಹಾಡುವವನಿಗೆ ಅದು ಬಾಗಿಲು ಮುಚ್ಚಿದ ಮನೆಗೂ ತೆರೆದ ಬಯಲಿಗೂ ಇರುವ ಅಂತರ. ಉಕಾರಕ್ಕೆ ತುಟಿಗಳು ಕೂಡಿಕೊಳ್ಳಬೇಕು, ದನಿ ಒಳಗೆ ತಿರುಗಿಬಿಡುತ್ತದೆ. ಅಕಾರಕ್ಕೆ ಬಾಯಿ ತೆರೆಯುತ್ತದೆ, ಉಸಿರಿರುವ ತನಕ ಸ್ವರವನ್ನು ಎಳೆಯಬಹುದು. ಪಲ್ಲವಿಯ ಕೊನೆಯಲ್ಲಿ ಸುಬ್ಬಣ್ಣ ಆ ಸ್ವರವನ್ನು ಮೇಲಕ್ಕೆ ಬಿಟ್ಟು ಹಿಡಿದು ನಿಲ್ಲಿಸುವಾಗ ಕುದುರೆ ಓಡಿ ಬಂದ ಬಯಲಿನ ಅಗಲ ನಮಗೆ ತಿಳಿಯುತ್ತದೆ. ಹೊಲದಲ್ಲಿ ದೂರದವರನ್ನು ಕೂಗಿ ಕರೆಯುವ, ರಾತ್ರಿಯೆಲ್ಲ ಬಯಲಿನಲ್ಲಿ ಆಟವಾಡುವ ಜನ ತಮ್ಮ ಮಾತಿನಲ್ಲಿ ಉಳಿಸಿಕೊಂಡ ಆ ತೆರೆದ ಸ್ವರಕ್ಕೆ ತಾರಸ್ಥಾಯಿಯಲ್ಲಿ ನಿಲ್ಲಬಲ್ಲ ಒಂದು ಗಂಟಲು ಬೇಕಾಗಿತ್ತು. ಆ ಗಂಟಲು ಯಾವ ಜಿಲ್ಲೆಯದೆಂಬುದು ಆಮೇಲಿನ ಮಾತು. ಭಾಷೆ ಕೊಟ್ಟದ್ದನ್ನು ಸಂಗೀತ ಕಂಡುಕೊಂಡಿತು. ಸಂಗೀತ ಕೇಳಿದ್ದನ್ನು ಕಂಠ ಕೊಟ್ಟಿತು. ಒಳ್ಳೆಯ ಹಾಡಿನ ರಚನೆಯೆಂದರೆ ಇಷ್ಟೇ, ಆದರೆ ಇಷ್ಟು ಕೂಡಿಬರುವುದು ಅಪರೂಪ.

1978ರ ಸಾಲಿನ 26ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕನ ರಜತ ಕಮಲ ಈ ಹಾಡಿಗಾಗಿ ಸುಬ್ಬಣ್ಣನವರಿಗೆ ಸಂದಿತು. ಅದರ ಹಿಂದಿನ ವರ್ಷ ಅದನ್ನು ಪಡೆದವರು ಮಹಮ್ಮದ್ ರಫಿ. ಅದಕ್ಕೂ ಹಿಂದೆ ಯೇಸುದಾಸ್. ಮುಂದಿನ ವರ್ಷ ‘ಶಂಕರಾಭರಣಂ’ ಚಿತ್ರಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ. ದೇಶವೆಲ್ಲ ಬಲ್ಲ ಈ ವೃತ್ತಿಗಾಯಕರ ಸಾಲಿನ ನಡುವೆ ಶಿವಮೊಗ್ಗದ ಒಂದು ಹೆಸರು! ಕನ್ನಡ ಚಿತ್ರಕ್ಕೆ ಈ ಪ್ರಶಸ್ತಿ ಅದೇ ಮೊದಲಲ್ಲ. 1975ರ ಸಾಲಿನಲ್ಲಿ ‘ಹಂಸಗೀತೆ’ಯ ಗಾಯನಕ್ಕಾಗಿ ಎಂ. ಬಾಲಮುರಳಿಕೃಷ್ಣ ಅವರಿಗೆ ಬಂದಿತ್ತು. ಆದರೆ ಅದನ್ನು ಪಡೆದ ಮೊದಲ ಕನ್ನಡಿಗ ಸುಬ್ಬಣ್ಣ. ಕನ್ನಡ ಚಿತ್ರವೊಂದರ ಮೂಲಕ ಮತ್ತೊಬ್ಬ ಕನ್ನಡಿಗನಿಗೆ, ಅಂದರೆ ಡಾ. ರಾಜಕುಮಾರ್ ಅವರಿಗೆ, 1992ರ ‘ಜೀವನ ಚೈತ್ರ’ ಚಿತ್ರದ ಹಾಡಿಗಾಗಿ ಅದು ದೊರೆಯಲು ಹದಿನಾಲ್ಕು ಸಾಲುಗಳು ಕಳೆಯಬೇಕಾಯಿತು.

ಇಲ್ಲಿ ಹೊರಗಿನ ಪ್ರಪಂಚದ ಒಂದು ಪ್ರಸಂಗವನ್ನು ನೆನೆಯುವುದು ಉಪಯುಕ್ತ. ಅಮೆರಿಕದ ಮಿಸಿಸಿಪ್ಪಿ ಸೀಮೆಯ ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದ ಕರಿಯ ಜನರ ನಡುವೆ ‘ಬ್ಲೂಸ್’ ಎಂಬ ಹಾಡಿನ ಬಗೆ ಬೆಳೆಯಿತು. ಸಂಕಟವನ್ನು ಗಿಟಾರಿನ ತಂತಿಯೊಡನೆ ಆಡಿಕೊಳ್ಳುವ ಕ್ರಮ ಅದು. ರಾಬರ್ಟ್ ಜಾನ್ಸನ್ ಎಂಬ ತರುಣ 1936 ಮತ್ತು 1937ರಲ್ಲಿ ಕೆಲವೇ ಹಾಡುಗಳನ್ನು ಧ್ವನಿಮುದ್ರಿಸಿ 1938ರಲ್ಲಿ, ಇಪ್ಪತ್ತೇಳರ ಪ್ರಾಯದಲ್ಲಿ ತೀರಿಕೊಂಡ. ಆತನ ಧ್ವನಿಮುದ್ರಿಕೆಗಳು 1961ರಲ್ಲಿ ಮತ್ತೆ ಹೊರಬಂದವು. ಅವನ್ನು ಕೇಳಿದ ಇಂಗ್ಲೆಂಡಿನ ಹುಡುಗರಲ್ಲಿ ಎರಿಕ್ ಕ್ಲ್ಯಾಪ್ಟನ್ ಒಬ್ಬ. ಆತ ‘ಕ್ರೀಮ್’ ಎಂಬ ತಂಡದೊಡನೆ, ನಾಲ್ಕು ದಾರಿ ಕೂಡುವ ಸ್ಥಳವನ್ನು ಕುರಿತ ಜಾನ್ಸನ್ನನ ಹಾಡನ್ನು ವಿದ್ಯುತ್ ಗಿಟಾರಿನ ಅಬ್ಬರದಲ್ಲಿ 1968ರಲ್ಲಿ ನುಡಿಸಿದಾಗ ಅದು ಲೋಕಪ್ರಸಿದ್ಧವಾಯಿತು. ಹಾಡು ಸಾಗರ ದಾಟಿ ಇನ್ನೊಂದು ಜನದ ಕೈಸೇರಿ ಬೆಳೆಯಿತೆಂಬುದು ನಿಜ. ಆದರೆ ಮೂಲದವನು ಆ ವೇಳೆಗೆ ಮಣ್ಣಾಗಿ ಮೂವತ್ತು ವರ್ಷ. ಕೀರ್ತಿಯೂ ಹಣವೂ ಅವನ ಕಾಲಕ್ಕೆ ಅವನಿಗೆ ಸಿಗಲಿಲ್ಲ, ಆ ಸಂಗೀತವನ್ನು ಹಡೆದ ಜನಕ್ಕೂ ತಕ್ಕಷ್ಟು ಸಿಗಲಿಲ್ಲ ಎಂಬ ನೋವು ಇಂದಿಗೂ ಅಲ್ಲಿ ಮಾತಿಗೆ ಬರುತ್ತದೆ.

ನಮ್ಮ ಹಾಡಿನ ಪ್ರಸಂಗದಲ್ಲಿ ಸ್ಥಿತಿ ಮೇಲಾಗಿತ್ತು. ಮೂಲದ ಕವಿ ಜೊತೆಯಲ್ಲಿಯೇ ಇದ್ದರು. ಸಂಗೀತದ ಹೊಣೆಯನ್ನೂ ಹೊತ್ತಿದ್ದರು. ಮುಂದೆ ತಮ್ಮ ಸಾಹಿತ್ಯಕ್ಕಾಗಿ 2010ರ ಸಾಲಿನ ಜ್ಞಾನಪೀಠವನ್ನೂ ಪಡೆದರು. ಆದರೂ ಪ್ರಶ್ನೆ ಪೂರ್ತಿ ಬಗೆಹರಿಯಿತೆನ್ನುವಂತಿಲ್ಲ. ಲಾವಣಿಯ ಲಯವನ್ನು ಕಂಬಾರರಿಗೆ ಕೊಟ್ಟವರು ಯಾರು? ಡಪ್ಪು ತುಂತುಣಿ ಹಿಡಿದು ಜಾತ್ರೆಯಿಂದ ಜಾತ್ರೆಗೆ ತಿರುಗಿದ ಗಾಯಕರು. ಅವರ ಹೆಸರು ಯಾವ ಪ್ರಶಸ್ತಿಪತ್ರದಲ್ಲಿಯೂ ಇಲ್ಲ. ಕಂಬಾರರು ಅವರ ಋಣವನ್ನು ತಮ್ಮ ಸಂಶೋಧನೆಯಲ್ಲಿ, ನಾಟಕದಲ್ಲಿ ತೀರಿಸಲು ಶ್ರಮಿಸಿದರು. ಕೇಳುಗರಾದ ನಾವು ಏನು ಮಾಡಿದೆವು? ಹಾಡನ್ನು ಮೆಚ್ಚಿದೆವು, ಹಾಡಿದವರನ್ನು ಸನ್ಮಾನಿಸಿದೆವು, ಮೂಲದ ಮೇಳಗಳನ್ನು ಯುಗಾದಿಯ ವಿಶೇಷ ಕಾರ್ಯಕ್ರಮಕ್ಕೆ ಮಾತ್ರ ಮೀಸಲಿಟ್ಟೆವು.

ಈ ಹಾಡಿನ ಕಾಲಕ್ಕೇ ಇನ್ನೊಂದು ಬದಲಾವಣೆಯೂ ನಡೆಯಿತು. 1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಿತು. ಶಿವಮೊಗ್ಗೆಯಲ್ಲಿ ಅಧ್ಯಾಪಕರಾಗಿದ್ದ ನಿಸಾರರ ಆ ಕವಿತೆಗಳೊಡನೆ ಭಾವಗೀತೆಯ ಕ್ಯಾಸೆಟ್ಟಿನ ಯುಗ ಆರಂಭವಾಯಿತು. ಅದುವರೆಗೆ ಕವಿತೆಯ ಹಾಡು ಬಂದಾಗ ಕೇಳಬೇಕಾದ ಅತಿಥಿ. ಈಗ ಬೇಕೆಂದಾಗ ಕೇಳಬಹುದಾದ ಮನೆಯವ. ಆಯನೂರಿನಂಥ ಊರುಗಳ ಹೋಟೆಲುಗಳಲ್ಲಿ, ಮದುವೆಯ ಚಪ್ಪರಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಚಿತ್ರಗೀತೆಗಳ ನಡುವೆ ಕವಿಗಳ ಮಾತು ಕೇಳತೊಡಗಿತು. ಇದರಿಂದ ಲಾಭವಾಯಿತು, ಸ್ವಲ್ಪ ನಷ್ಟವೂ ಆಯಿತು. ಒಂದೇ ಸಂಯೋಜನೆ ಮತ್ತೆಮತ್ತೆ ಕಿವಿಗೆ ಬಿದ್ದು, ಆ ಕವಿತೆಗೆ ಬೇರೆ ಲಯ ಸಾಧ್ಯವೆಂಬುದನ್ನೇ ಜನ ಮರೆತರು. ಗಾಯಕನಿಗೂ ಇದೇ ಕಟ್ಟು. ಸುಬ್ಬಣ್ಣ ಯಾವ ವೇದಿಕೆಯನ್ನು ಹತ್ತಿದರೂ ಸಭೆ ಕುದುರೆಯನ್ನು ಕರೆಯದೆ ಬಿಡುತ್ತಿರಲಿಲ್ಲ. ಕಟ್ಟಿಲ್ಲದ ಕುದುರೆಯನ್ನು ಹಾಡಿದವರು ಆ ಹಾಡಿಗೇ ಕಟ್ಟುಬಿದ್ದರು ಎಂದರೆ ತಪ್ಪಾಗಲಾರದು.

ಆದರೆ ಅವರು ಆ ಕೀರ್ತಿಯನ್ನು ಹಿಡಿದು ಚಿತ್ರರಂಗದ ವೃತ್ತಿಗಾಯಕರಾಗಲಿಲ್ಲ. ಪ್ರಶಸ್ತಿಯ ಬಳಿಕವೂ ಅವರ ಮುಖ್ಯ ಕ್ಷೇತ್ರ ಕವಿತೆಯೇ ಆಗಿ ಉಳಿಯಿತು. ಉತ್ತರದ ಮಾತಿನೊಡನೆ ಹೀಗೆ ಕೂಡಿದ ನಂಟು ಮುಂದೆಯೂ ಬೆಳೆಯಿತು. 1819ರಿಂದ 1889ರವರೆಗೆ ಬಾಳಿದ ಶಿಶುನಾಳ ಷರೀಫರ ತತ್ತ್ವಪದಗಳು ಧಾರವಾಡ ಸೀಮೆಯ ಭಜನೆಮೇಳಗಳಲ್ಲಿ ಜೀವಂತವಾಗಿದ್ದರೂ ದಕ್ಷಿಣದ ಪಟ್ಟಣಗಳಿಗೆ ಅಷ್ಟು ಪರಿಚಿತವಾಗಿರಲಿಲ್ಲ. ಶಿವಮೊಗ್ಗದವರೇ ಆದ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಆ ಪದಗಳನ್ನು ಸಂಪಾದಿಸಿದರು. ಅಶ್ವತ್ಥ್ ಸ್ವರ ಹಚ್ಚಿದರು. ಅಶ್ವತ್ಥ್, ಸುಬ್ಬಣ್ಣ ಮೊದಲಾದವರು ಹಾಡಿದರು. ಟಿ. ಎಸ್. ನಾಗಾಭರಣ ನಿರ್ದೇಶನದ 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿಯೂ ಸುಬ್ಬಣ್ಣನವರ ದನಿಯಿದೆ. ‘ಕಾಡು ಕುದುರೆ’ ತೆರೆದ ದಾರಿಯಲ್ಲಿಯೇ ಷರೀಫರು ಶಿವಮೊಗ್ಗ, ಮೈಸೂರು, ಬೆಂಗಳೂರುಗಳ ಕಿವಿಗೆ ಹತ್ತಿರವಾದರು ಎಂದು ನಾನು ನಂಬುತ್ತೇನೆ. ಆ ಮಾತಿನ ಗತ್ತಿಗೆ ನಗುವ ಬದಲು ತಲೆದೂಗಲು ನಮಗೆ ಕಲಿಸಿದ್ದು ಆ ಒಂದು ಹಾಡು.

ಮುಂದೆ ಗೌರವಗಳು ಬಂದವು. ರಾಜ್ಯ ಸರ್ಕಾರ ಸುಗಮ ಸಂಗೀತಕ್ಕೆಂದು ಷರೀಫರ ಹೆಸರಿನಲ್ಲಿಯೇ ನೀಡುವ ಪ್ರಶಸ್ತಿ, ಕುವೆಂಪು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಅವರಿಗೆ ಸಂದವು. ಕುವೆಂಪು ಹೆಸರಿನ ವಿಶ್ವವಿದ್ಯಾಲಯ, ಷರೀಫರ ಹೆಸರಿನ ಪ್ರಶಸ್ತಿ: ಅವರ ಗಾಯನದ ಎರಡು ದಡಗಳೂ ಇವೇ. 2022ರ ಆಗಸ್ಟ್ 11ರಂದು ಬೆಂಗಳೂರಿನಲ್ಲಿ, ಎಂಬತ್ತಮೂರರ ವಯಸ್ಸಿನಲ್ಲಿ ಸುಬ್ಬಣ್ಣ ತೀರಿಕೊಂಡರು. ಕಾಳಿಂಗರಾಯರು 1981ರಲ್ಲಿ, ಅನಂತಸ್ವಾಮಿ 1995ರಲ್ಲಿ, ಅಶ್ವತ್ಥ್ 2009ರಲ್ಲಿ ಮೊದಲೇ ಹೋಗಿದ್ದರು. ಒಂದು ಪೀಳಿಗೆಯ ದನಿಗಳು ಹೀಗೆ ಒಂದೊಂದಾಗಿ ಮುದ್ರಿಕೆಗಳಲ್ಲಿ ಮಾತ್ರ ಉಳಿಯುವಂತಾಯಿತು.

ಮೊದಲ ಪ್ರಶ್ನೆಗೆ ಉತ್ತರ ಹೇಳಬೇಕಲ್ಲವೆ? ಹಾಡು ಯಾರದು? ಈ ಹಾಡಿನ ಮಟ್ಟಿಗೆ ಹೇಳುವುದಾದರೆ, ಲಯ ಜನಪದದ್ದು, ಮಾತು ಮತ್ತು ಸ್ವರ ಕಂಬಾರರದು, ಅದನ್ನು ನಾಡಿನ ನಾಲ್ಕು ದಿಕ್ಕಿಗೂ ಕೇಳಿಸಿದ ಉಸಿರು ಸುಬ್ಬಣ್ಣನವರದು. ಇವುಗಳಲ್ಲಿ ಒಂದನ್ನು ತೆಗೆದರೂ ಉಳಿದವು ನಿಲ್ಲುವುದಿಲ್ಲ. ಆದುದರಿಂದ ಒಬ್ಬರ ಹೆಸರನ್ನು ಹೇಳುವಾಗ ಉಳಿದವರ ಹೆಸರನ್ನೂ ಹೇಳುವ ರೂಢಿಯನ್ನು ನಾವು ಬೆಳೆಸಿಕೊಳ್ಳಬೇಕು. ಶಾಲೆಯ ವೇದಿಕೆಯಲ್ಲಿ ಮಗುವೊಂದು ಕವಿತೆಯನ್ನು ಹಾಡುವ ಮುನ್ನ ಕವಿಯ ಹೆಸರು, ಸಂಯೋಜಕರ ಹೆಸರು ಹೇಳಿದರೆ ಅರ್ಧ ನಿಮಿಷವೂ ಹಿಡಿಯದು. ಹೆಸರು ತಿಳಿಯದ ಹಾಡಾದರೆ ಅದನ್ನು ಕಾಪಾಡಿದ ಊರಿನ, ಸೀಮೆಯ ಹೆಸರನ್ನಾದರೂ ಹೇಳಬಹುದು. ಹಾಡಿದವರಿಗೆ ಅದರಿಂದ ಕಡಿಮೆಯಾಗುವುದು ಏನೂ ಇಲ್ಲ. ಕೇಳಿದವರಿಗೆ ಹಾಡು ಬಂದ ದಾರಿ ಕಾಣುತ್ತದೆ.